ಮೇಜಿನ ಕೆಳಗಿಂದ ಕೂಗು

ನೆಸ್ರಿನ್,

ಸೇಬಿನ ವೈನ್ ತರೋಕೆ ಹೋಗಿದ್ದೀನಿ. ಹಬ್ಬದ ಗಲೆತ್, ಅದೇ ಬಾದಾಮಿ ಹೂರಣದ ಕೇಕ್, ಓವನ್‌ನಲ್ಲಿದೆ, ಕೆಂಪಗಾದ ಕೂಡಲೇ ತೆಗಿ.

ಇವತ್ತಿನ ಫ್ರೆಂಚ್ ಪಾಠ: ಅದರೊಳಗೆ ಅಡಗಿರೋ ಪಿಂಗಾಣಿ ಗೊಂಬೆಗೆ "ಫೆವ್" ಅಂತಾರೆ. ಅದು ಸಿಕ್ಕಿದವರಿಗೆ ಕಾಗದದ ಕಿರೀಟ. ಮುಂದಿನ ಗಲೆತ್ ಕೊಡಿಸೋದೂ ಅವರೇ. ಅದಕ್ಕೇ ನಿನ್ನ ಮಾವ ಪ್ರತಿ ವರ್ಷ ಅದನ್ನ ದವಡೆಯಲ್ಲಿ ಬಚ್ಚಿಟ್ಟು ಸಂತನ ಹಾಗೆ ಕೂತಿರ್ತಾರೆ. ಈ ಸಲ ಅವರ ಕೆನ್ನೆ ಉಬ್ಬಿದರೆ "ತ್ರಿಶರ್" ಅಂತ ಕಿರುಚು. ಮೋಸಗಾರ ಅಂತ ಅರ್ಥ. ಸಂಕೋಚ ಬೇಡ, ಮದುವೆಯಾದಾಗಿನಿಂದ ನಾನೂ ಅದನ್ನೇ ಹೇಳ್ತಿದ್ದೀನಿ.

ಮನೆಗೆ ಚಿಕ್ಕವಳು ನೀನು. ಪದ್ಧತಿ ಪ್ರಕಾರ, ತುಂಡುಗಳು ಕಾಣದ ಹಾಗೆ ಮೇಜಿನ ಕೆಳಗೆ ಕೂತು ಯಾವ ತುಂಡು ಯಾರಿಗೆ ಅಂತ ನೀನೇ ಕೂಗಬೇಕು. ನನ್ನನ್ನ ಮತ್ತೆ "ಮದಾಮ್" ಅಂದರೆ ನನ್ನ ತುಂಡು ನಾನು ಮುಟ್ಟಲ್ಲ.

"ಮಮಾಂ" ಅನ್ನು. ಅದರ ಅರ್ಥ ನಾನು ಹೇಳಿಕೊಡಬೇಕಿಲ್ಲ ತಾನೇ?

ಒದೀಲ್