ಹದಿಮೂರು ಹಾಡುಗಳನ್ನು ಶುಚಿಗೊಳಿಸಿದವರಿಗೆ

ಅಂತರ್ಜಾಲದ ಸಂಗೀತ ಸಂಗ್ರಹ ಸೇವೆಯ ಗ್ರಾಹಕ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೀವು ನನ್ನ ಹೆಂಡತಿಯ ದನಿಯನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಒಳ್ಳೆಯ ಸಂಗೀತವನ್ನು ಇಟ್ಟಿದ್ದೀರಿ. ಮೂರು ಸಲ ಇ-ಮೇಲ್ ಮಾಡಿಸಿದೆ. ಕಳಪೆ ಪ್ರತಿಯ ಬದಲು ಉತ್ತಮ ಪ್ರತಿ ಒದಗಿಸಲಾಗಿದೆ, ಆದ್ದರಿಂದ ದೂರು ಮುಕ್ತಾಯವಾಗಿದೆ ಎಂದು ಮೂರು ಸಲವೂ ಒಂದೇ ಉತ್ತರ ಬಂತು. ನಿಮ್ಮ ಪುಟದಲ್ಲಿ ವಿಳಾಸವಿಲ್ಲ. ಹಾಗಾಗಿ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನೀವು ಓದುತ್ತೀರಿ ಎಂಬ ಭ್ರಮೆ ನನಗಿಲ್ಲ.

ಸಿನಿಮಾ ಹಾಡಿನೊಳಗೆ ಇವನ ಹೆಂಡತಿ ಹೇಗೆ ಬಂದಳು ಎಂದು ನೀವು ಕೇಳಬಹುದು. ತೊಂಬತ್ತೆರಡರಲ್ಲಿ ಜನ್ನಾಪುರದ ನಮ್ಮ ಮನೆಯಲ್ಲಿ ಒಂದು ರೇಡಿಯೋ, ಒಂದು ಟೇಪ್ ರೆಕಾರ್ಡರ್ ಇದ್ದವು. ಭಾನುವಾರ ರೇಡಿಯೋದಲ್ಲಿ ಚಿತ್ರಗೀತೆ ಬರುವಾಗ ಟೇಪ್ ರೆಕಾರ್ಡರನ್ನು ಅದರ ಮುಂದಿಟ್ಟು, ಎರಡು ಗುಂಡಿ ಒಟ್ಟಿಗೆ ಒತ್ತಿ, ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಜಗದಾಂಬಾಳಿಗೆ ಮಾತ್ರ ಆ ಕಾನೂನು ಅನ್ವಯಿಸುತ್ತಿರಲಿಲ್ಲ. ಅಡುಗೆಮನೆಯಿಂದಲೇ ಶುರು: "ರೀ, ಕುಕ್ಕರ್ ಎಷ್ಟು ಸಲ ಕೂಗ್ತು, ಎಣಿಸಿದ್ರಾ?" ಇನ್ನೊಂದು ಹಾಡಿನ ನಡುವೆ: "ಕಾಡಲ್ಲಿ ಓಡೋಕೆ ಇವಳಿಗೆ ರೇಷ್ಮೆ ಸೀರೆ ಬೇಕಾ? ತೊಳೆಯೋರು ಯಾರು?" ಹಾಡು ಹಾಳಾಯಿತೆಂದು ನಾನು ಇಡೀ ದಿನ ಮುಖ ಊದಿಸಿಕೊಂಡಿರುತ್ತಿದ್ದೆ. ಅಂದರೆ ಆಗ ನಾನೂ ನಿಮ್ಮ ಹಾಗೆಯೇ ಇದ್ದೆ. ನನಗೂ ಉತ್ತಮ ಪ್ರತಿಯೇ ಬೇಕಾಗಿತ್ತು.

ಅವಳು ಹೋಗಿ ಎರಡು ವರ್ಷವಾಯಿತು. ಫೋಟೋಗಳಿವೆ. ಫೋಟೋ ಮಾತಾಡುವುದಿಲ್ಲ. ಈ ವರ್ಷ ಮಾರ್ಚಿನಲ್ಲಿ ಆ ಕ್ಯಾಸೆಟ್ಟನ್ನು ಹುಡುಕಿ ತೆಗೆದಾಗ ಅದಕ್ಕೆ ಬಿಳಿ ಬೂಷ್ಟು ಹಿಡಿದಿತ್ತು. ಅವಳ ತಂಗಿಯ ಮಗ ಮಲ್ಲಿಕ್ ಶಿವಮೊಗ್ಗದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಅವನಲ್ಲಿಗೆ ಒಯ್ದೆ. ಹದಿನಾಲ್ಕು ಹಾಡುಗಳನ್ನು ಅವನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಟೇಪು ಸುತ್ತಿಕೊಂಡು ನಾಲ್ಕು ಕಡೆ ತುಂಡಾಯಿತು. ಪರವಾಗಿಲ್ಲ, ಕೆಲಸ ಆಗಿದೆ ಎಂದುಕೊಂಡೆವು. ಮೊದಲ ಹಾಡಿನಲ್ಲಿ ಅವಳ ಒಂದು ಮಾತು ಕೇಳಿಸಿತು. ಸಾಕು, ಮಿಕ್ಕದ್ದನ್ನು ಒಬ್ಬನೇ ಕೇಳುತ್ತೇನೆ ಎಂದೆ. ಅಂಗಡಿಯಲ್ಲಿ ಜನರಿದ್ದರು.

"ಸಿಡಿಗೆ ಹಾಕಿದ್ರೆ ಗೀರು ಬೀಳುತ್ತೆ ದೊಡ್ಡಪ್ಪ," ಎಂದ ಮಲ್ಲಿಕ್. "ಇದರಲ್ಲಿಟ್ರೆ ದೊಡ್ಡಮ್ಮ ಎಲ್ಲಿಗೂ ಹೋಗಲ್ಲ. ಒಂದು ತಿಂಗಳು ಫ್ರೀ, ನೋಡೋಣ."

ಅದು ನಿಮ್ಮ ಸೇವೆ. ನನಗೆ ಡೈರಿ ಬರೆಯುವ ಚಾಳಿ. ರೇಡಿಯೋದವರು ಹೇಳಿದ ಹಾಡಿನ ಹೆಸರು, ಚಿತ್ರದ ಹೆಸರು, ಹಾಡಿದವರು, ಎಲ್ಲವನ್ನೂ ಅಂದಂದೇ ಬರೆದಿಟ್ಟಿದ್ದೆ. ಹಾಡುಗಳು ಅಚ್ಚುಕಟ್ಟಾಗಿ ಕಾಣಲೆಂದು ಆ ಹೆಸರುಗಳನ್ನು ನಾನೇ ಓದಿ ಹೇಳಿದೆ, ಮಲ್ಲಿಕ್ ಟೈಪು ಮಾಡಿದ. ಮೂರು ಗಂಟೆ ಹಿಡಿಯುತ್ತದೆ ಎಂದಿದ್ದ ಕೆಲಸ ಕಾಫಿ ಮುಗಿಯುವಷ್ಟರಲ್ಲಿ ಆಯಿತು. ಎಷ್ಟು ವೇಗ ಎಂದು ಇಬ್ಬರೂ ಮೆಚ್ಚಿಕೊಂಡೆವು. ನಿಮ್ಮ ಯಂತ್ರ ಹೆಸರು ನೋಡಿ, ಈ ಹಾಡುಗಳು ನಮ್ಮಲ್ಲಿ ಆಗಲೇ ಇವೆ, ಇವನದು ಯಾಕೆ ಎಂದು ನನ್ನದನ್ನು ತೆಗೆದುಕೊಳ್ಳಲೇ ಇಲ್ಲ ಎಂಬುದು ನಮಗೆ ಹೇಗೆ ತಿಳಿಯಬೇಕು? ಮರುವಾರ ವೈರಸ್ ಬಂತೆಂದು ಮಲ್ಲಿಕ್ ಕಂಪ್ಯೂಟರನ್ನು ಪೂರ್ತಿ ಅಳಿಸಿದ. ನಿಮ್ಮಲ್ಲಿ ಭದ್ರವಾಗಿದೆಯಲ್ಲ ಎಂಬ ಧೈರ್ಯ.

ಆಮೇಲೆ ಓಲ್ಡ್ ಟೌನಿನ ಸೈಬರ್ ಸೆಂಟರಿನಲ್ಲಿ ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಕೂತೆ. ಪಿಟೀಲು ಎಷ್ಟು ಸ್ಪಷ್ಟ, ತಬಲಾ ಎಷ್ಟು ಸ್ಪಷ್ಟ! ಕುಕ್ಕರ್ ಇಲ್ಲ. ರೇಷ್ಮೆ ಸೀರೆ ಇಲ್ಲ. ಹದಿಮೂರು ಹಾಡು ಕೇಳಿದೆ, ಎಲ್ಲೂ ಒಂದು ಕೆಮ್ಮಿಲ್ಲ. ನಾನು ತೊಂಬತ್ತೆರಡರಲ್ಲಿ ಏನು ಬಯಸಿದ್ದೆನೋ ಅದನ್ನು ನೀವು ಹದಿನೇಳು ವರ್ಷ ತಡವಾಗಿ ನೆರವೇರಿಸಿದ್ದಿರಿ.

ಒಂದು ಹಾಡು ಮಾತ್ರ ನಮ್ಮದೇ ಉಳಿದಿದೆ. ಅದರ ಹೆಸರು ನನ್ನ ಡೈರಿಯಲ್ಲಿಲ್ಲ. ರೇಡಿಯೋದವರು ಹೆಸರು ಹೇಳುವಾಗಲೇ ನಾನು ಕೂಗಾಡಿದ್ದೆ, ಕೇಳಿಸಿರಲಿಲ್ಲ. ಮಲ್ಲಿಕ್ ಬರೀ 'ಹದಿನಾಲ್ಕು' ಎಂದು ಹಾಕಿದ್ದ, ಹೆಸರಿಲ್ಲದ್ದರಿಂದ ನಿಮ್ಮ ಯಂತ್ರ ಅದನ್ನು ಇದ್ದಂತೆಯೇ ಸ್ವೀಕರಿಸಿದೆ. ಅದರಲ್ಲಿ ಮೊದಲು ನನ್ನ ದನಿ: "ಸ್ವಲ್ಪ ಬಾಯಿ ಮುಚ್ಕೊಂಡಿರೇ ಮಾರಾಯ್ತಿ!" ಆಮೇಲೆ ಒಂದು ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ ಹಾಡು ಮುಗಿಯುವವರೆಗೆ ಅವಳು ಮಾತಾಡುವುದಿಲ್ಲ.

ಹದಿಮೂರನ್ನು ವಾಪಸು ಕೊಡಿ ಎಂದು ಕೇಳುವಂತೆಯೂ ಇಲ್ಲ, ಅವು ನಿಮ್ಮಲ್ಲಿಗೆ ಬಂದೇ ಇಲ್ಲ. ಹಾಗಾಗಿ ಬೇಡಿಕೆ ಇಷ್ಟೇ. ನಿಮ್ಮ ಪುಟಕ್ಕೆ ಹಾಡು ಸೇರಿಸಲು ಒತ್ತುವ ಗುಂಡಿಯ ಮೇಲೆ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೂ ಬರೆಯಿಸಿ: 'ನಿಮ್ಮ ಹಾಡನ್ನು ನಾವು ಇಟ್ಟುಕೊಳ್ಳುವುದಿಲ್ಲ, ನಮ್ಮ ಹಾಡನ್ನು ಕೊಡುತ್ತೇವೆ.' ಓದಿದವರು ತಮ್ಮ ಕ್ಯಾಸೆಟ್ಟನ್ನು ಮನೆಗೆ ವಾಪಸು ಒಯ್ಯಲಿ. ಒಂದು ಸಲ ಕೂತು ಪೂರ್ತಿ ಕೇಳಲಿ, ಯಾರನ್ನೂ ಗದರದೆ.

ಇಂತಿ,
ನಿಮ್ಮ ಲೆಕ್ಕದಲ್ಲಿ ತೃಪ್ತ ಗ್ರಾಹಕ,
ರಾಮಚಂದ್ರಪ್ಪ
ಜನ್ನಾಪುರ, ಭದ್ರಾವತಿ
ಮೇ ೨೦೦೯