ಬೆಳಕಿರುವ ನೀರು

ಹ್ಯಾವ್‌ಲಾಕ್ ದ್ವೀಪ, ಅಂಡಮಾನ್
ಫೆಬ್ರವರಿ ೨೦೦೭

ಅವ್ವ,

ನಾನು ಚೆನ್ನಾಗಿದ್ದೀನಿ. ನಮ್ಮ ಹೆಮ್ಮಿಗೆಯಲ್ಲಿ ಯಾರಾದರೂ ಕೇಳಿದರೆ, ಪತ್ರಿಕೆಯವರು ಸಮುದ್ರದೊಳಗಿನ ಫೋಟೊ ತೆಗೆಯೋಕೆ ಕಳಿಸಿದ್ದಾರೆ ಅನ್ನು.

ಮೊದಲ ದಿನ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಇಳಿದೆ. ತಲೆ ಮುಳುಗುತ್ತಲೇ, ಹೊಳೆ ಪಾಲಾದ ಅಪ್ಪನ ನೆನಪಾಗಿ ಉಸಿರು ಕಟ್ಟಿದಂತಾಯಿತು. ಮೇಲೆ ಬಂದುಬಿಟ್ಟೆ. ಡೈವಿಂಗ್ ಹೇಳಿಕೊಡುವ ಸೆಲ್ವಿ ಅಕ್ಕ, "ಭಯ ಆದರೆ ಬಿಟ್ಟುಬಿಡಮ್ಮ" ಅಂದರು. ಬಿಡೋಣ ಅಂತಲೇ ಇದ್ದೆ. ಆಗ ನೀನು ಬಸ್ ಹತ್ತಿಸುವಾಗ ಹೇಳಿದ್ದು ನೆನಪಾಯಿತು: "ನಿಮ್ಮಪ್ಪನ್ನ ತಗೊಂಡೋದ ನೀರೇ ಬ್ಯಾರೆ, ನೀನೋಯ್ತಿರೋ ನೀರೇ ಬ್ಯಾರೆ. ಓಗ್ಬಾ ಮಗ." ಹೊಳೆ ಕಡೆ ತಲೆ ಹಾಕಿಯೂ ಮಲಗದ ನೀನು ಆ ಮಾತು ಹೇಳೋಕೆ ಮನಸ್ಸನ್ನ ಎಷ್ಟು ಗಟ್ಟಿ ಮಾಡಿಕೊಂಡಿದ್ದೆಯೋ!

ಮಾರನೇ ದಿನ ಮತ್ತೆ ಇಳಿದೆ. ತಳದಲ್ಲಿ ದೊಡ್ಡದೊಂದು ಆಮೆ ನಮ್ಮ ಹಸುವಿನ ಹಾಗೆ ಹುಲ್ಲು ಮೇಯುತ್ತಿತ್ತು. ನನ್ನನ್ನು ನೋಡಿ ಹೆದರಲಿಲ್ಲ. ನಿಧಾನವಾಗಿ ಮೇಲೆ ಹೋಗಿ ಉಸಿರು ತಗೊಂಡು, ತಿರುಗಿ ನನ್ನ ಪಕ್ಕಕ್ಕೇ ಬಂದು ಮೇಯತೊಡಗಿತು. ಅದನ್ನು ನೋಡುತ್ತಾ ನನ್ನ ಉಸಿರೂ ಸರಾಗವಾಯಿತು. ಆಮೇಲೆ ಕ್ಯಾಮೆರಾ ಎತ್ತಿದೆ.

ಆ ಫೋಟೊ ಇದರ ಜೊತೆ ಇಟ್ಟಿದ್ದೀನಿ, ನೋಡು. ನೀರಿನೊಳಗೆ ಬರೀ ಕತ್ತಲೆ ಅಂತ ನಾವಿಬ್ಬರೂ ಇಷ್ಟು ವರ್ಷ ಅಂದುಕೊಂಡಿದ್ದೆವು. ಬೆಳಕಿದೆ ಕಣವ್ವ. ನೀನು ಕಳಿಸದಿದ್ದರೆ ನನಗಿದು ಗೊತ್ತಾಗುತ್ತಲೇ ಇರಲಿಲ್ಲ.

ಊರಿಗೆ ಬಂದ ಮೇಲೆ ಒಂದು ಸಂಜೆ ನನ್ನ ಜೊತೆ ಹೊಳೆದಂಡೆಗೆ ಬರ್ತೀಯಾ? ಇಳಿಯೋದೇನೂ ಬೇಡ. ಸುಮ್ಮನೆ ಪಕ್ಕದಲ್ಲಿ ಕೂತ್ಕೊ, ಸಾಕು.

ನಿನ್ನ ಮಗಳು,
ಗೌತಮಿ