ಎಡಗಾಲಿಗೆ ಕೆಲಸವಿಲ್ಲ

ಪ್ರೀತಿಯ ಪಪ್ಪಾ,

ಎದುರಿಗೆ ಹೇಳಿದರೆ ಸಿಡುಕುತ್ತೀಯ, ಅದಕ್ಕೇ ಈ ಪತ್ರವನ್ನು ಸ್ಟೇರಿಂಗಿಗೆ ಸಿಕ್ಕಿಸಿದ್ದೇನೆ. ನನ್ನ ಆಟೋಮ್ಯಾಟಿಕ್ ಕಾರು ಕಂಡಾಗಲೆಲ್ಲ "ಕ್ಲಚ್ಚೇ ಇಲ್ದಿರೋದು ಒಂದು ಕಾರೇನೇ? ತೊಟ್ಟಿಲು ಕಣೇ ಅದು!" ಎಂದು ಹಂಗಿಸುವವನು ನೀನು. ನಿನ್ನ ಕಾರು ಗ್ಯಾರೇಜಿನಲ್ಲಿದೆ. ಅಮ್ಮನನ್ನು ನಾರ್ವಿಕ್ ಪಟ್ಟಣದ ಆಸ್ಪತ್ರೆಯಿಂದ ಕರೆತರಲು ಇವತ್ತು ಈ ತೊಟ್ಟಿಲೇ ಗತಿ.

ನಿನ್ನ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕುತ್ತಾ ಬ್ರೇಕನ್ನೇ ತುಳಿದೀತು. ಘಟ್ಟದ ಮಂಜುಗಡ್ಡೆಯ ಮೇಲೆ ಹಾಗಾದರೆ ಕಾರು ನೇರ ಕಡಲಿಗೆ. ಆ ಕಾಲನ್ನು ಹಿಂದಕ್ಕೆ ಮಡಚಿಟ್ಟುಕೊ. ಇಳಿಜಾರಿನಲ್ಲಿ ಬ್ರೇಕಿಗಿಂತ ಲೋ ಗೇರನ್ನು ನಂಬು.

ನಾನು ಕಾರು ಕಲಿಯುವಾಗ ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ತುಳಿಯುತ್ತಿದ್ದೆಯಲ್ಲ? ನೀವಿಬ್ಬರೂ ಬರುವವರೆಗೆ ಪ್ಲಾಸ್ಟರ್ ಹಾಕಿದ ಈ ಕಾಲಿನಲ್ಲಿ ನಾನೂ ಅಡುಗೆಮನೆಯ ನೆಲವನ್ನು ತುಳಿಯುತ್ತಲೇ ಇರುತ್ತೇನೆ.

ನಿನ್ನ
ಸುನ್ನಿವಾ